ರೈಫಲ್ಲಿನ ಮೇಲಿನ ಗಂಧ

ಠಾಣೆಯಿಂದ ಫೋನು ಬಂದಾಗ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಮುರುಗಲು ಹಣ್ಣು ಒಡೆಯುತ್ತಿದ್ದೆ. ಎರಡು ಬುಟ್ಟಿ ಹಣ್ಣು. ಬೀಜ ಮತ್ತು ರಸ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಕೈ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ಆ ಕೈಯಲ್ಲಿ ಫೋನು ಮುಟ್ಟುವ ಹಾಗಿರಲಿಲ್ಲ. ಯಜಮಾನರು ಒಳಗಿನಿಂದ ಕೋಲೂರಿಕೊಂಡು ಬರುವಷ್ಟರಲ್ಲಿ ಅದು ಒಮ್ಮೆ ನಿಂತು ಮತ್ತೆ ಬಡಿದುಕೊಂಡಿತು.

"ಹೌದು ಸ್ವಾಮಿ, ಮೂರಿದೆ... ಮೂರೂ ಲೈಸೆನ್ಸಿನಲ್ಲೇ ಇದೆ," ಎಂದರು ಇವರು. ಆಮೇಲೆ ಬರೀ ಹೂಂ, ಹೂಂ. ಫೋನು ಇಟ್ಟು ಕಟ್ಟೆಯ ಅಂಚಿಗೆ ಕೂತರು.

"ಎಂತಡ?" ಎಂದೆ.

"ಒಬ್ಬಂಗೆ ಎರಡೇ ಬಂದೂಕು ಅಡ. ಮೂರನೇದು ಮಾರವಡ, ಇಲ್ದಿದ್ರೆ ಠಾಣೆಗೆ ಕೊಡವಡ. ಅಲ್ಲಿವರಿಗೆ ಲೈಸೆನ್ಸು ಮುಂದೆ ಹೋಗ್ತಿಲ್ಲೆ ಅಡ."

ಒಂದು ಹಣ್ಣು ಒಡೆದೆ, ಇನ್ನೊಂದು ಒಡೆದೆ. ನಿಜ ಹೇಳಬೇಕೆಂದರೆ, ನನಗೆ ಮೊದಲು ಅನಿಸಿದ್ದು, ಅಬ್ಬಾ, ಒಂದಾದರೂ ಹೋಯಿತಲ್ಲ ಎಂದು.

ನಮ್ಮದು ಮಿರ್ಜಾನದ ಹೊಳೆಯ ಕಡೆ ಸ್ವಲ್ಪ ತೆಂಗು, ಸ್ವಲ್ಪ ಗದ್ದೆ ಇರುವ ಮನೆ. ಮಂಗ, ಹಂದಿಗಳ ಕಾಟಕ್ಕೆಂದು ಮಾವನವರ ಕಾಲದಿಂದಲೂ ಬಂದೂಕು ಇದ್ದವು. ಒಂದು ಜೋಡುನಳಿಗೆ, ಮಂಗಗಳಿಗೆ ಅದು ಗೊತ್ತು, ಹೊರಗೆ ತಂದರೆ ಸಾಕು, ಓಡುತ್ತವೆ. ಇನ್ನೊಂದು ಮದ್ದು ತುಂಬಿ ಹೊಡೆಯುವ ಹಳೆಯ ಕೇಪಿನ ಬಂದೂಕು. ಗದ್ದೆಗೆ ಹಂದಿ ಇಳಿದಾಗ ಸದ್ದು ಮಾಡಲಿಕ್ಕೆ. ಮೂರನೆಯದೇ ರೈಫಲ್ಲು. ಅದನ್ನು ಮಾವನವರು ಊರು ಬಿಟ್ಟು ಹೋಗುತ್ತಿದ್ದ ಹೊನ್ನಾವರದ ಮರದ ವ್ಯಾಪಾರಿಯೊಬ್ಬರಿಂದ ಕೊಂಡಿದ್ದರಂತೆ. ಕೊಂಡ ಮೇಲೆ ಅವರು ಹೊಡೆದದ್ದು ಎರಡೇ ಸಲ. ಒಂದು, ಸರಿಯಾಗಿದೆಯೇ ನೋಡಲಿಕ್ಕೆ. ಇನ್ನೊಂದು, ಯಾಣದ ದಾರಿಯಲ್ಲಿ ಹುಲಿ ಕೂತಿದೆ ಎಂದು ಜನ ಕರೆದುಕೊಂಡು ಹೋದಾಗ. ಮಾವನವರು ಆಕಾಶಕ್ಕೆ ಗುಂಡು ಹಾರಿಸಿದರು, ಪೊದೆಯಿಂದ ಯಾರದೋ ಮನೆಯ ಕರು ಎದ್ದು ಓಡಿತು. ಆ ಕಥೆಯನ್ನು ಮಾವನವರೇ ನಗುತ್ತಾ ಹೇಳುತ್ತಿದ್ದರು. ಆದರೆ ರೈಫಲ್ಲನ್ನು ಮಾತ್ರ ಮಗನ ಕೈಗೆ ಕೊಡುತ್ತಿರಲಿಲ್ಲ. ಮಲಗಿದ ಮೇಲೆ, ಕೊನೆಯ ದಿನಗಳಲ್ಲಿ, ಕಪಾಟಿನ ಬೀಗದ ಕೈ ಇವರ ಅಂಗೈಯಲ್ಲಿಟ್ಟು, "ಅದ್ರ ಜಾಗ್ರತೆ ಮಾಡು," ಎಂದರು. ಮನೆ ಜಾಗ್ರತೆ ಎನ್ನಲಿಲ್ಲ, ಗದ್ದೆ ಜಾಗ್ರತೆ ಎನ್ನಲಿಲ್ಲ. ಇವರಿಗೆ ಆ ಮಾತು ಒಳಗೆ ಕೂತುಬಿಟ್ಟಿತ್ತು.

ನನಗೆ ಕೂತದ್ದು ಅದರ ಭಾರ. ಪ್ರತಿ ಚುನಾವಣೆಗೂ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರಬೇಕು. ಪಂಚಾಯ್ತಿ ಚುನಾವಣೆ, ವಿಧಾನಸಭೆ, ಲೋಕಸಭೆ, ಯಾವುದಾದರೊಂದು ಬರುತ್ತಲೇ ಇರುತ್ತದೆ. ಇವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಮೂರನ್ನೂ ಒಬ್ಬರೇ ಹೊರಲಾರರು. ನಾನೂ ಹೊರಡುತ್ತೇನೆ. ರೈಫಲ್ಲನ್ನು ನನ್ನ ಹಳೆಯ ವಾಯಿಲ್ ಸೀರೆಯಲ್ಲಿ ಸುತ್ತಿ, ಕುಮಟೆಯ ಬಸ್ಸಿನಲ್ಲಿ ಇವರ ಪಕ್ಕ ಕಾಲ ನಡುವೆ ಹಿಡಿದು ಕೂರುತ್ತೇನೆ. ಒಂದು ಸಲ ತದಡಿ ಕಡೆಯ ಮೀನಿನ ಹೆಂಗಸೊಬ್ಬಳು ಅದನ್ನೇ ನೋಡುತ್ತಾ ಕೇಳಿದಳು:

"ಅದೆಂತ ಅಮ್ಮಾ, ಕೊಡೆಯಾ?"

"ಹೌದು, ನಮ್ಮ ಮಾವನದ್ದು."

"ಇಷ್ಟುದ್ದವಾ? ನಿಮ್ಮ ಮಾವ ತೆಂಗಿನಮರದಷ್ಟು ಇದ್ರಾ?"

ಬಸ್ಸು ನಕ್ಕಿತು, ನಾನೂ ನಕ್ಕೆ. ಠಾಣೆಯ ಬೆಂಚಿನಲ್ಲಿ ಎರಡು ತಾಸು ಕಾಯುವಾಗ ಆ ನಗು ಉಳಿದಿರುವುದಿಲ್ಲ. ಮನೆಗೆ ಬಂದು ಸ್ನಾನ, ಸಂಜೆಯ ದೀಪ, ಆಮೇಲೆ ಅಡುಗೆ. ಬಿದ್ದು ಕಾಲು ಮುರಿದುಕೊಳ್ಳದೆ ಹೋಗಿ ಬಂದೆವಲ್ಲ, ಅದೇ ದೇವರು ಕೊಟ್ಟದ್ದು ಎಂದುಕೊಂಡು ಮಲಗುತ್ತಿದ್ದೆ.

ಈಗ ಒಂದು ಹೋಗಬೇಕು. ಯಾವುದು? ಜೋಡುನಳಿಗೆ ಇಲ್ಲದೆ ತೆಂಗು ಉಳಿಯುವುದಿಲ್ಲ. ಉಳಿದದ್ದು ಕೇಪಿನದು ಮತ್ತು ರೈಫಲ್ಲು. ಇವರು ನಾಲ್ಕು ದಿನ ಅದನ್ನೇ ಮಥಿಸಿದರು. ಬೆಳಿಗ್ಗೆ, "ಕೇಪಿಂದು ಕೊಡನ, ಸದ್ದಿಗೆ ಪಟಾಕಿ ಸಾಕು," ಎನ್ನುವರು. ಸಂಜೆಗೆ, "ಹಂದಿ ಪಟಾಕಿಗೆ ಹೆದರ್ತಿಲ್ಲೆ," ಎನ್ನುವರು. ನಾನು ಸಿಪ್ಪೆಯನ್ನು ಬಿಸಿಲಿಗೆ ಹರಡುವುದು, ಸಂಜೆ ರಸದಲ್ಲಿ ಅದ್ದುವುದು, ಮರುದಿನ ಮತ್ತೆ ಹರಡುವುದು. ಮುರುಗಲು ಹಾಗೆಯೇ, ತನ್ನ ರಸ ತಾನೇ ಎಷ್ಟು ಸಲ ಕುಡಿದರೆ ಅಷ್ಟು ಕಪ್ಪಾಗುತ್ತದೆ, ಬಾಳಿಕೆ ಬರುತ್ತದೆ.

ಸುದ್ದಿ ಕೇಳಿ ಹೊನ್ನಾವರದಲ್ಲಿ ಔಷಧಿ ಅಂಗಡಿ ಇಟ್ಟಿರುವ ಮೈದುನ ಫೋನು ಮಾಡಿದ.

"ಅತ್ತಿಗೇ, ಅಪ್ಪಯ್ಯನ ರೈಫಲ್ಲು ಮಾರ್ತ್ರಡ, ಹೌದಾ? ಜನ ಎಂತ ಹೇಳ್ತ?"

"ಜನ ಬಸ್ಸಲ್ಲಿ ಹೊತ್ಕಂಡು ಬತ್ವಾ? ನೀನೇ ಒಂದು ಲೈಸೆನ್ಸು ಮಾಡ್ಸಿ ತಗಂಡು ಹೋಗು. ಮನೆ ಮರ್ಯಾದಿ ನಿನ್ನ ಅಂಗಡಿಯಲ್ಲೇ ನೇತು ಹಾಕ್ಲಕ್ಕು."

"ಯಂಗೆಂತಕ್ಕೆ ಅತ್ತಿಗೆ? ಯನ್ನ ಅಂಗಡಿಯಲ್ಲಿ ಇಲಿಯೂ ಇಲ್ಲೆ."

ಕೊನೆಗೆ ಭಟ್ಕಳದಲ್ಲಿ ರೈಫಲ್ಲು ಕೊಳ್ಳುವವರೊಬ್ಬರಿದ್ದಾರೆ ಎಂದು ಗೊತ್ತಾಯಿತು. ಬಟ್ಟೆಯ ವ್ಯಾಪಾರಿ, ನವಾಯತ ಮುಸ್ಲಿಮರು, ಗುರಿ ಹೊಡೆಯುವ ಸ್ಪರ್ಧೆಗೆ ಹೋಗುವವರು, ಲೈಸೆನ್ಸು ಇದೆ. ಇವರು, "ಬಂದು ನೋಡ್ಲಿ, ನೋಡಿದ ಕೂಡಲೇ ಕೊಟ್ಟ ಹಂಗಾಗ್ತಿಲ್ಲೆ," ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಬರಹೇಳಿದರು.

ಫೋನು ಬಂದ ಎಂಟನೆಯ ದಿನ ಅವರು ಬಂದರು. ನಲವತ್ತರ ಆಸುಪಾಸಿನ ಮನುಷ್ಯ, ಬಹಳ ಮರ್ಯಾದಸ್ಥ. ಅಂಗಳದ ತುದಿಯಲ್ಲೇ ಚಪ್ಪಲಿ ಬಿಟ್ಟು, ಹರಡಿದ ಸಿಪ್ಪೆಯ ಮೇಲೆ ಕಾಲಿಡದೆ ಸುತ್ತಿ ಬಂದರು. ಮುರುಗಲು ಪಾನಕ ಕೊಟ್ಟೆ. ಕುಡಿದು, "ನಮ್ಮ ಅಮ್ಮ ಮಾಡಿದ ಹಾಗೇ ಇದೆ," ಎಂದರು. ಇವರು ಕಪಾಟು ತೆಗೆದು ರೈಫಲ್ಲನ್ನು ಎರಡೂ ಕೈಯಲ್ಲಿ ತಂದು, ಮಗುವನ್ನು ಕೊಟ್ಟ ಹಾಗೆ ಕೊಟ್ಟರು.

ಅವರು ಗುಂಡು ಇಲ್ಲವೆಂದು ತೆರೆದು ನೋಡಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. "ಯಜಮಾನ್ರೆ, ಒಳಗೆ ಕನ್ನಡಿ ಇಟ್ಟ ಹಾಗಿದೆ! ಯಾರು ನೋಡಿಕೊಂಡದ್ದು?"

ಇವರ ಮುಖ ನೋಡಬೇಕಿತ್ತು. "ನಾನೇ. ವರ್ಷಕ್ಕೆರಡು ಸಲ ಕೋಲಿಗೆ ಬಟ್ಟೆ ಕಟ್ಟಿ ಎಣ್ಣೆ ಎಳಿತೇನೆ. ಅಪ್ಪ ಕಲಿಸಿದ್ದು."

ಆಮೇಲೆ ಅವರು ರೈಫಲ್ಲನ್ನು ತಿರುಗಿಸಿದರು. ಜೇಬಿನಿಂದ ಬಟ್ಟೆ ತೆಗೆದು ನಳಿಗೆಯ ಬುಡದಲ್ಲಿ ಅಂಟಿದ್ದನ್ನು ಒರೆಸಿ, ನಿಂತುಬಿಟ್ಟರು.

"ಇದೆಂತ ಅಮ್ಮಾ? ತುಕ್ಕು. ಮೂರು ಸಾಲು, ಅಳತೆ ಹಿಡಿದು ಹಾಕಿದ ಹಾಗಿದೆಯಲ್ಲ?"

ಇವರು ಬಗ್ಗಿ ನೋಡಿದರು. "ಉಪ್ಪು ಗಾಳಿ ಇರಬೇಕು," ಎಂದರು, ದನಿ ಇಳಿದಿತ್ತು.

ನಾನೂ ಬಗ್ಗಿದೆ. ಉಪ್ಪು ಗಾಳಿ ಮೂರೇ ಸಾಲು ಎಳೆಯುವುದಿಲ್ಲ. ನನ್ನ ಬಲಗೈಯ ಮೂರು ಬೆರಳುಗಳನ್ನು ಅದರ ಮೇಲಿಟ್ಟೆ. ಸರಿಯಾಗಿ ಕೂತವು.

ಪ್ರತಿ ನವರಾತ್ರಿಯ ಆಯುಧ ಪೂಜೆಗೆ ಮೂರು ಬಂದೂಕುಗಳನ್ನೂ ಮಣೆಯ ಮೇಲಿಟ್ಟು, ತೇಯ್ದ ಗಂಧವನ್ನು ಮೂರು ಬೆರಳಲ್ಲಿ ಎಳೆದು, ಕುಂಕುಮ, ಹೂವು ಇಟ್ಟು ಕೈಮುಗಿಯುವವಳು ನಾನು. ಮದುವೆಯಾಗಿ ಬಂದ ಮೊದಲ ವರ್ಷ ಅತ್ತೆ ಹೇಳಿದ್ದರು: ಆಯುಧಕ್ಕೆ ಹಚ್ಚಿದ ಗಂಧವನ್ನು ಹೆಂಗಸರು ಒರೆಸಬಾರದು. ನಾನು ಒರೆಸಿದವಳಲ್ಲ. ವಿಜಯದಶಮಿಯ ಮರುದಿನ ಮಾವನವರು ಜಗಲಿಯಲ್ಲಿ ಹಳೆಯ ಪಂಚೆಯ ತುಂಡು ಹಿಡಿದು ಕೂರುತ್ತಿದ್ದುದು ಈಗ ಕಣ್ಣಿಗೆ ಕಟ್ಟಿತು. ಚಾ ಕೊಟ್ಟು ಬರುತ್ತಿದ್ದೆ, ಏನು ಮಾಡುತ್ತಿದ್ದಾರೆಂದು ಕೇಳಿರಲಿಲ್ಲ. ಅವರು ಹೋದ ಮೇಲೆ ಆ ಜಗಲಿಯಲ್ಲಿ ಯಾರೂ ಪಂಚೆ ಹಿಡಿದು ಕೂತದ್ದಿಲ್ಲ. ಮಂಗ ಬಂದಾಗ ಜೋಡುನಳಿಗೆ, ಹಂದಿ ಬಂದಾಗ ಕೇಪಿನದು ಹೊರಗೆ ಬರುತ್ತಿದ್ದವು, ಬಳಸಿದ ಮೇಲೆ ಒರೆಸಿ ಇಡುತ್ತಿದ್ದರು. ರೈಫಲ್ಲಿಗೆ ಇವರು ಎಣ್ಣೆ ಎಳೆಯುತ್ತಿದ್ದದ್ದು ನಳಿಗೆಯ ಒಳಗೆ ಮಾತ್ರ; ಹೊರಗೆ ಒದ್ದೆ ಗಂಧ ಹೊತ್ತು ಕಪಾಟಿಗೆ ಹೋದರೆ, ಬರುವ ನವರಾತ್ರಿಗೆ ಹಳೆಯ ಗಂಧದ ಮೇಲೆ ಹೊಸ ಗಂಧ.

ಸುಮ್ಮನಿರಬಹುದಿತ್ತು. ಉಪ್ಪು ಗಾಳಿ ಎಂದು ಎಲ್ಲರೂ ಒಪ್ಪುತ್ತಿದ್ದರು. ಆದರೆ ಇವರು ಆ ಗಾಳಿಯನ್ನೂ ತಮ್ಮ ತಪ್ಪೆಂದೇ ಹೊತ್ತುಕೊಳ್ಳುವ ಮನುಷ್ಯ.

"ಅದು ಗಾಳಿ ಅಲ್ಲ. ಆನು ಹಚ್ಚಿದ ಗಂಧ," ಎಂದೆ.

ಇವರು ನನ್ನ ಮುಖ ನೋಡಿದರು. "ನೀ ಒರೆಸ್ತಿದ್ದಿಲ್ಯಾ?"

"ಹೆಂಗಸ್ರು ಒರೆಸ್ಲಾಗ ಹೇಳಿ ಅತ್ತೆ ಹೇಳಿದ್ರು. ನಿಂಗ ಒರೆಸ್ತ್ರಿ ಹೇಳಿ ತಿಳ್ಕಂಡಿದ್ದಿ."

"ದೇವ್ರ ಗಂಧ. ಹಚ್ಚಿದವ್ವೇ ತೆಗಿತ ಹೇಳಿ ಆನು ತಿಳ್ಕಂಡಿದ್ದಿ."

ಬಂದವರಿಗೆ ನಮ್ಮ ಮಾತು ಎಷ್ಟು ತಿಳಿಯಿತೋ, ಗಂಡ ಹೆಂಡಿರ ಮುಖವಂತೂ ತಿಳಿಯಿತು. "ನಾನು ಸ್ವಲ್ಪ ಹೊರಗೆ ಗಾಳಿಗೆ ನಿಲ್ತೇನೆ," ಎಂದು ರೈಫಲ್ಲನ್ನು ಮೆತ್ತಗೆ ಮೇಜಿನ ಮೇಲಿಟ್ಟು ಅಂಗಳಕ್ಕೆ ಇಳಿದರು.

ನನಗೆ ಬೇಸರವಾದದ್ದು ತುಕ್ಕಿಗಲ್ಲ. ದಿನಾ ಬೆಳಿಗ್ಗೆ ದೇವರ ಮೇಲಿನ ನಿನ್ನೆಯ ಹೂವು, ಗಂಧ ತೆಗೆದು, ತೊಳೆದು, ಆಮೇಲೆ ಹೊಸದು ಇಡುವವಳು ನಾನು. ನಿರ್ಮಾಲ್ಯ ತೆಗೆಯದೆ ಪೂಜೆಯಿಲ್ಲ ಎಂದು ಮದುವೆಯಾಗಿ ಬಂದ ಹುಡುಗಿಯರಿಗೆ ಪಾಠ ಹೇಳುವವಳೂ ನಾನೇ. ಈ ಒಂದರ ಮೇಲೆ ವರ್ಷವರ್ಷದ ನಿರ್ಮಾಲ್ಯ ಹಾಗೇ ಬಿಟ್ಟು, ಮೇಲಿಂದ ಕೈಮುಗಿಯುತ್ತಾ ಬಂದಿದ್ದೆ. ದೇವರು ಏನೆಂದುಕೊಂಡನೋ. ಸಿಟ್ಟಾಗುವವನಾಗಿದ್ದರೆ ಇಷ್ಟರಲ್ಲಿ ಆಗಿರುತ್ತಿದ್ದ.

"ಅಪ್ಪಯ್ಯ ಜಾಗ್ರತೆ ಮಾಡು ಹೇಳಿದ್ದ," ಎಂದರು ಇವರು ಕುರ್ಚಿಗೆ ಕುಸಿದು. "ಆನು ಮಾಡಿದ ಜಾಗ್ರತೆ ಇಷ್ಟೇಯ."

"ಒಳಗೆ ಕನ್ನಡಿ ಹಾಂಗೆ ಇದ್ದು ಹೇಳಿದ್ನಲಿ ಅಂವ. ಅದು ನಿಂಗಳ ಜಾಗ್ರತೆ."

"ಹೊರಗಿಂದು?"

"ಹೊರಗಿಂದು ಯನ್ನದು."

ಇವರು ಸಣ್ಣಗೆ ನಕ್ಕರೋ, ಉಸಿರು ಬಿಟ್ಟರೋ ತಿಳಿಯಲಿಲ್ಲ. ರೈಫಲ್ಲಿನ ಮರದ ಹಿಡಿಯನ್ನು ಸವರಿದರು. "ಕೇಪಿಂದು ಕೊಟ್ಟು ಇದ್ನ ಇಟ್ಕಳನ? ಇನ್ನು ಮೇಲೆ ಸಮಾ ನೋಡ್ಕಂಡ್ರಾತು," ಎಂದರು. ಕೇಳುವ ದನಿ ಅದು, ಹೇಳುವ ದನಿಯಲ್ಲ. "ನೀನೇ ಹೇಳು."

ಮೂವತ್ತು ವರ್ಷದಲ್ಲಿ ಆ ಕಪಾಟಿನ ವಿಷಯಕ್ಕೆ ನನ್ನನ್ನು ಕೇಳಿದ್ದು ಇದೇ ಮೊದಲು. ಬಸ್ಸು, ಬೆಂಚು, ವಾಯಿಲ್ ಸೀರೆ ಎಲ್ಲ ಬಾಯಿಗೆ ಬಂತು. ಅದನ್ನೆಲ್ಲ ನುಂಗಿದೆ. ಅದು ನನ್ನ ದಣಿವು. ಇವರ ಅಪ್ಪನ ಮಾತಿನ ಎದುರು ತೂಗಲಿಕ್ಕೆ ಬರುವುದಲ್ಲ.

"ಇಟ್ಕಂಡ್ರೆ ಹಂದಿ ಬಂದ ದಿನ ನಿಂಗ ಇದ್ನ ಹೊರಗೆ ತೆಗಿತ್ರಾ?" ಎಂದೆ.

"ಇಲ್ಲೆ. ಇದ್ರ ಗುಂಡು ಎಲ್ಲಿ ಸಿಗ್ತು."

"ಹಂಗಾರೆ ಇದು ಮತ್ತೆ ಕಪಾಟಲ್ಲೇ ಕೂರದು. ಅಂಟಿದ್ದು ಕಂಡ ಕೂಡ್ಲೆ ಅಂವ ಮಾಡಿದ್ದೆಂತ? ಬಟ್ಟೆ ತೆಗ್ದು ಒರೆಸಿದ್ದು. ನಮ್ಮಿಬ್ರಿಗೂ ಇಷ್ಟು ವರ್ಷ ಬರದೇ ಇದ್ದ ಬುದ್ಧಿ. ಜಾಗ್ರತೆ ಮಾಡ್ತ ಅಂವ. ಕೊಟ್ಬಿಡನ."

ಇವರು ಕೋಲೂರಿ ಎದ್ದು ಬಾಗಿಲಿಗೆ ಹೋಗಿ, "ಬನ್ನಿ ಮಾರಾಯ್ರೆ, ಬಿಸಿಲಲ್ಲಿ ಎಂತಕ್ಕೆ ನಿಂತ್ರಿ," ಎಂದು ಕರೆದರು. ಆ ಕರೆದ ದನಿಯಲ್ಲೇ ನನಗೆ ಗೊತ್ತಾಯಿತು.

ವ್ಯಾಪಾರದ ಮಾತು ಎರಡು ನಿಮಿಷದ್ದು. ಕಲೆಯಿದೆ, ಕಡಿಮೆ ಮಾಡಿ ಎಂದು ಇವರೇ ಹೇಳಿದರು. ಅವರು ಸ್ವಲ್ಪವೇ ಕಡಿಮೆ ಮಾಡಿದರು. ಕಚೇರಿಯಿಂದ ಅನುಮತಿಯ ಕಾಗದ ಬರಲು ಸ್ವಲ್ಪ ದಿನ ಬೇಕಂತೆ. ಅಲ್ಲಿಯವರೆಗೆ ರೈಫಲ್ಲು ನಮ್ಮಲ್ಲೇ.

"ಆ ಮೂರು ಸಾಲು ಉಜ್ಜಿ ತೆಗಿತೀರಾ?" ಎಂದು ನಾನು ಕೇಳಿದೆ.

"ತೆಗೀಲಿಕ್ಕೆ ಹೋದರೆ ನಳಿಗೆಯ ಕಪ್ಪು ಬಣ್ಣವೂ ಹೋಗ್ತದೆ ಅಮ್ಮಾ. ಎಣ್ಣೆ ಮಾಡಿ ಹಾಗೇ ಇಡ್ತೇನೆ. ಗುರಿಗೆ ಏನೂ ತೊಂದರೆ ಇಲ್ಲ." ಹೊರಡುವಾಗ ತಮ್ಮ ಒರೆಸುವ ಬಟ್ಟೆಯನ್ನು ಮೇಜಿನ ಮೇಲೇ ಬಿಟ್ಟರು. ಮರೆತದ್ದಲ್ಲ.

ಅವರು ಹೋದ ಮೇಲೆ ಇವರು ಎಣ್ಣೆಯ ಡಬ್ಬಿ ತಂದರು. ಒಂದು ತುದಿ ನಾನು ಹಿಡಿದೆ, ಒಂದು ತುದಿ ಇವರು. ಬಟ್ಟೆಯನ್ನು ಇವರೇ ನನ್ನ ಕೈಗೆ ಕೊಟ್ಟರು. ಅತ್ತೆಯ ಮಾತು ನೆನಪಾಗಿ ಕ್ಷಣ ತಡೆದೆ. ಆಮೇಲೆ, ಅತ್ತೇ, ನಿರ್ಮಾಲ್ಯ ತೆಗೆಯುತ್ತಿದ್ದೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಒರೆಸಿದೆ. ಸಂದಿಯಲ್ಲಿ ಕೂತಿದ್ದ ಗಂಧ ಪುಡಿಪುಡಿಯಾಗಿ ಬಂತು, ಇನ್ನೂ ವಾಸನೆಯಿತ್ತು. ಗೆರೆಗಳು ಹೋಗಲಿಲ್ಲ. ಇವರು ರೈಫಲ್ಲನ್ನು ಕಪಾಟಿಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಈ ಸಲ ಚುನಾವಣೆಗೆ ಆನೊಬ್ನೇ ಹೋಗ್ಲಕ್ಕು, ಎರಡೇ ಅಲ್ದ," ಎಂದರು. ಆ ಲೆಕ್ಕ ಇವರೂ ಇಟ್ಟಿದ್ದರೆಂದು ನನಗೆ ಗೊತ್ತಿರಲಿಲ್ಲ.

ಬಿಸಿಲು ಇಳಿಯುತ್ತಿತ್ತು. ಬಂದೂಕಿನೆಣ್ಣೆಯ ಕೈಯಲ್ಲಿ ಸಿಪ್ಪೆ ಮುಟ್ಟಿದರೆ ವರ್ಷದ ಸಾರೆಲ್ಲ ಅದೇ ವಾಸನೆ. ಬಾವಿಕಟ್ಟೆಯಲ್ಲಿ ಸೋಪು ಹಾಕಿ ತೊಳೆದೆ, ಹೋಗಲಿಲ್ಲ; ಬೂದಿ ಹಾಕಿ ತಿಕ್ಕಿದೆ, ಮೂಸಿ ನೋಡಿದೆ, ಮತ್ತೊಮ್ಮೆ ತಿಕ್ಕಿದೆ. ಆಮೇಲೆ ಅಂಗಳದ ಸಿಪ್ಪೆಯನ್ನೆಲ್ಲ ಬಾಚಿ ಮೊರಕ್ಕೆ ತುಂಬಿ, ಕಡೆಯ ಸಲಕ್ಕೆ ರಸದಲ್ಲಿ ಅದ್ದಲಿಕ್ಕೆ ಒಳಗೆ ಒಯ್ದೆ.