ಸಹಿಯ ಕೆಳಗಿನ ತಾರೀಖು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತೊಂಬತ್ತರ ದಶಕದ ಕೊನೆ ಎಂಬುದು ಖಚಿತ. ದೀಪಾವಳಿಗೆ ಮುಂಚೆಯೋ ಆಮೇಲೋ, ಹೇಳಲಾರೆ. ಆಗಲೂ ದಿನಚರಿ ಬರೆಯುತ್ತಿದ್ದೆ. ಆದರೆ ಕಾಮಾಲೆಯಾಗಿ ಮಲಗಿದ್ದ ಇಪ್ಪತ್ತೆರಡು ದಿನಗಳಲ್ಲಿ ಬರೆದದ್ದು ಒಂದೇ ಸಾಲು: 'ಪೇಪರ್ ಕಟ್ಟು ಬಂತು.' ನಾನೇ ತರಿಸಿಕೊಂಡೆನೋ, ಭಾವ ತಾವಾಗಿ ತಂದರೋ, ಬರೆದಿಲ್ಲ.

ಹಗರಿಬೊಮ್ಮನಹಳ್ಳಿ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಶಿಕ್ಷಕಿ. ಇನ್ನು ಮೂರು ತಿಂಗಳು ಕಳೆದರೆ ಕೆಲಸ ಕಾಯಂ ಆಗುವುದಿತ್ತು. ಅಲ್ಲಿಯವರೆಗೆ ಒಂದು ದಿನವೂ ಅನಧಿಕೃತ ಗೈರುಹಾಜರಿ ಇರಬಾರದು. ಅದಕ್ಕೇ ಕಣ್ಣು ಹಳದಿಯಾದ ದಿನವೇ ಆಸ್ಪತ್ರೆಯ ಸರ್ಟಿಫಿಕೇಟು ಲಗತ್ತಿಸಿ ವೈದ್ಯಕೀಯ ರಜೆಗೆ ಅರ್ಜಿ ಕೊಟ್ಟೆ. ಅಕ್ಕ ಹೊಸಹಳ್ಳಿಯಿಂದ ತರಿಸಿದ ಬೇರಿನ ಔಷಧಿಯನ್ನೂ ಕುಡಿದೆ.

ನಾನಿದ್ದದ್ದು ಅಕ್ಕನ ಮನೆಯಲ್ಲಿ. ಅವಳ ಗಂಡ, ನನ್ನ ಭಾವ, ಅದೇ ಶಾಲೆಯ ಗುಮಾಸ್ತ. ಒಂದು ಸಂಜೆ ಅವರ ಮೊಪೆಡ್ಡಿನ ಮೇಲೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಬಂದವು.

"ಮಲ್ಕಂಡೇ ತಿದ್ದು. ಯಾರು ನೋಡಾಕ ಬರ್ತಾರ" ಎಂದರು. ಎಂದರು ಎಂದು ನನ್ನ ನೆನಪು.

ಕಾಳು ಕೇರುವ ಮೊರವನ್ನು ತೊಡೆಯ ಮೇಲೆ ಬೋರಲು ಹಾಕಿ, ಅದರ ಮೇಲಿಟ್ಟುಕೊಂಡು ತಿದ್ದಿದೆ. ಹತ್ತು ಪತ್ರಿಕೆ ತಿದ್ದಿದರೆ ವಾಂತಿ ಬರುತ್ತಿತ್ತು. ಅಂಕಪಟ್ಟಿಗಳಿಗೆ ಸಹಿ ಹಾಕಿ, ಕೆಳಗೆ ಆಯಾ ದಿನದ ತಾರೀಖು ಬರೆದೆ. ಅದು ನಮ್ಮ ಮುಖ್ಯೋಪಾಧ್ಯಾಯರ ನಿಯಮ. ತಾರೀಖಿಲ್ಲದ ಪಟ್ಟಿಯನ್ನು ಅವರು ಮೇಜಿನಿಂದ ಕೆಳಗೆಸೆಯುತ್ತಿದ್ದರು.

ಮರಳಿ ಹೋದ ದಿನ ಅವರು ನನ್ನ ಅರ್ಜಿಯನ್ನೂ ಅಂಕಪಟ್ಟಿಗಳನ್ನೂ ಜೋಡಿಸಿಟ್ಟುಕೊಂಡು ಕೂತಿದ್ದರು.

"ಏಳಾಕ ಆಗಲ್ಲ ಅಂತ ಇಲ್ಲಿ ಬರ್ದೀರಿ. ರಜಾದ ತಾರೀಖಿನಾಗೇ ಒಂಬತ್ತನೇ ಕ್ಲಾಸು ಪೂರಾ ತಿದ್ದೀರಿ. ಕಾಮಾಲಿ ಬರೇ ಕಣ್ಣಿಗೆ ಬಂದಿತ್ತೇನ್ರಿ? ಕೈಗೆ ಬಂದಿರ್ಲಿಲ್ಲ?"

"ಪೇಪರ್ ಮನೆಗೆ ಕಳಿಸಿದ್ದು ಯಾರು ಸಾರ್?"

"ನಾನಂತೂ ಕಳಿಸಿಲ್ಲಮ್ಮ. ಕೈಲಾಗಲ್ಲ ಅಂದೋರಿಗೆ ನಾ ಯಾಕ ಕಳಿಸ್ಲಿ?"

"ಭಾವ ತಂದುಕೊಟ್ರು."

ಭಾವ ಪಕ್ಕದ ಮೇಜಿನಲ್ಲೇ ಇದ್ದರು. ಫೈಲಿನ ತೂತಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದರು: "ಆಕೀನ ಕೇಳಿದ್ಲು ಸಾರ್. ಮನ್ಯಾಗ ಬ್ಯಾಸರ ಅಂದ್ಲು. ಒಯ್ದು ಕೊಟ್ಟೀನಿ, ಅಷ್ಟ."

"ಬ್ಯಾಸರಂತ" ಎಂದು ಮುಖ್ಯೋಪಾಧ್ಯಾಯರು ನಕ್ಕರು. "ಹಂಗಾರ ಸಾಲಿಗೇ ಬರಬೇಕಿತ್ತಲ್ರಿ ಮೇಡಂ. ಇಲ್ಲಿ ಮಕ್ಕಳು ಬ್ಯಾಸರ ಆಗಾಕ ಬಿಡಲ್ಲ."

ಅರ್ಜಿಯ ಮೇಲೆ 'ಕೆಲಸಕ್ಕೆ ಶಕ್ತರಿದ್ದರು, ಶಿಫಾರಸು ಮಾಡುವುದಿಲ್ಲ' ಎಂದು ಬರೆದರು. ಇಪ್ಪತ್ತೆರಡು ದಿನವೂ ಗೈರುಹಾಜರಿಯಾಯಿತು. ಕಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ನಾನು ಕೊಟ್ಟ ಅಂಕಗಳನ್ನು ಮಾತ್ರ ಹಾಗೇ ಇಟ್ಟುಕೊಂಡರು.

"ಅವ್ರೂ ಅದೇ ಆಫೀಸ್ನಾಗ ಇರಬೇಕಲ್ಲ. ಸುಮ್ನಿರು" ಎಂದಳು ಅಕ್ಕ. ಆ ವಾರವೇ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಕೋಣೆ ಹಿಡಿದೆ. ಭಾವನ ಮೇಲಿನ ಸಿಟ್ಟನ್ನು ಆರಲು ಬಿಡಲಿಲ್ಲ. ಹಾಗೆ ಬಿಡದಿದ್ದದ್ದು ನನಗೆ ಹಿತವಾಗಿಯೂ ಇತ್ತು, ಒಪ್ಪಿಕೊಳ್ಳುತ್ತೇನೆ.

ಆದರೆ ಒಂದು ಅನುಮಾನ ಬಿಟ್ಟಿಲ್ಲ. ಸುಮ್ಮನೆ ಮಲಗಿರಲು ಬಾರದವಳು ನಾನು. 'ಬೇಸರ' ಎಂದು ಅಂದಿದ್ದರೂ ಅಂದಿರಬಹುದು. ಕೆಲವು ಸಲ ಆ ಮಾತು ನನ್ನದೇ ದನಿಯಲ್ಲಿ ಕೇಳಿಸುತ್ತದೆ. ಭಾವನ ಮಾತನ್ನು ಅಷ್ಟು ಸಲ ನೆನೆದುಕೊಂಡದ್ದರಿಂದ ಹಾಗೋ, ಗೊತ್ತಿಲ್ಲ.

ನಾಲ್ಕೈದು ವರ್ಷದ ಮೇಲೆ ಭಾವ ಮೊಪೆಡ್ಡಿನಿಂದ ಬಿದ್ದು ಕಾಲು ಮುರಿದುಕೊಂಡರು. ಅಕ್ಕನ ಒತ್ತಾಯಕ್ಕೆ ನೋಡಲು ಹೋದೆ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು ಮಂಚದ ಮೇಲೆ ಕೂತಿದ್ದರು, ಸುತ್ತ ಶಾಲೆಯ ಫೈಲುಗಳು.

"ರಜಾದಾಗ ಅದೀರಲ್ಲ?" ಎಂದೆ.

"ಮೆಡಿಕಲ್ ರಜಾ ಹಾಕೀನಿ. ಕೆಲಸ ಯಾರು ಮಾಡ್ತಾರವ್ವ?"

ಒಂದೊಂದೇ ಹಾಳೆಗೆ ಸಹಿ ಹಾಕುತ್ತಿದ್ದರು. ಕೆಳಗೆ ತಾರೀಖಿನ ಜಾಗವನ್ನು ಪ್ರತಿಯೊಂದರಲ್ಲೂ ಖಾಲಿ ಬಿಡುತ್ತಿದ್ದರು. ನಾನು ಮೂರು ಹಾಳೆ ನೋಡಿದೆ, ನಾಲ್ಕನೆಯದನ್ನೂ ನೋಡಿದೆ. ಅವರೂ ನನ್ನನ್ನು ನೋಡಿದರು. ಅಕ್ಕ ಚಹಾ ತಂದಿಟ್ಟಳು.

"ಭಾವ, ಅವತ್ತು ಆ ಕಟ್ಟು ನಾನೇ ಕೇಳಿದ್ನೇನು?" ಎಂದು ಕೇಳಿದೆ.

ಅವರು ಪೆನ್ನಿನ ಮುಚ್ಚಳ ಹಾಕಿ ಚಹಾದ ಲೋಟ ಎತ್ತಿಕೊಂಡರು.