ನಿಲ್ಲಿಸುವ ಗುಂಡಿ

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೆ ಆ ಹಳೇ ಜಪಾನಿ ಯಂತ್ರ ಬಂದ ದಿನದಿಂದ ಅದನ್ನು ನಡೆಸುವ ಅವನಿಗೆ ಕೊಂಬು ಬಂತು. ಯಂತ್ರದ ಪಕ್ಕೆಯಲ್ಲಿ ಒಂದೇ ಸಾಲಿಗೆ ನಾಲ್ಕು ಕಪ್ಪು ಗುಂಡಿ, ಒಂದೊಂದರ ಮೇಲೂ ಜಪಾನಿ ಅಕ್ಷರ. ಉಳಿದವರಿಗೆ ಅದು ಕಾಗೆಕಾಲು ಗುಬ್ಬಿಕಾಲು. ಅವನೊಬ್ಬನೇ ಎಲ್ಲಿಂದಲೋ ಒಂದು ನಿಘಂಟು ತಂದು ಆರು ತಿಂಗಳು ಕೂತು ಕಲಿತ. ಜನ ಜಪಾನಪ್ಪ ಎಂದು ನಕ್ಕರು. ಅವನು ಅದನ್ನೂ ಬಿರುದೆಂದೇ ತಿಳಿದ.

ಅವನಿಗೆ ಅಚ್ಚುಮೆಚ್ಚು 止. ನಾಲ್ಕೇ ಗೆರೆ. ಅರ್ಥ, ನಿಲ್ಲು. ಹಿಂದೆ ಅದು ಪಾದದ ಚಿತ್ರವಾಗಿತ್ತಂತೆ. ಒಂಟಿಯಾಗಿದ್ದರೆ ‘ತೊಮರು’, ಹಿಡಿದ ಕೆಲಸ ಕೈಬಿಡುವ ಮಾತಾದರೆ ‘ಯಮೆರು’, ಇನ್ನೊಂದು ಅಕ್ಷರದ ಜೊತೆ ಸೇರಿದರೆ ‘ಶಿ’. ಯಂತ್ರ ನಿಲ್ಲಿಸುವುದು ‘ತೇಶಿ’, ಅರ್ಧಕ್ಕೇ ರದ್ದು ಮಾಡುವುದು ‘ಚೂಶಿ’, ಕೂಡದು ಎನ್ನುವುದು ‘ಕಿಂಶಿ’. ಊಟದ ಹೊತ್ತಿನಲ್ಲಿ ಇಷ್ಟನ್ನೂ ಗಿಣಿಪಾಠ ಒಪ್ಪಿಸುತ್ತಿದ್ದ. ಅದು ಯಾವ ಗುಂಡಿಯ ಮೇಲಿದೆ ಎಂದು ಮಾತ್ರ ಅಪ್ಪಿತಪ್ಪಿಯೂ ಬಾಯಿ ಬಿಡಲಿಲ್ಲ; ಒತ್ತುವಾಗಲೂ ಮೈ ಅಡ್ಡ ಇಟ್ಟೇ ಒತ್ತುತ್ತಿದ್ದ.

“ನಮ್ಮ ಭಾಷೇಲಿ ಬರೆದು ಒಂದೊಂದು ಚೀಟಿ ಅಂಟಿಸಯ್ಯ,” ಎಂದು ಯಜಮಾನರು ಹೇಳಿದಾಗಲೆಲ್ಲ “ನಾಳೆ ಸಾರ್” ಎಂದು ಎರಡು ವರ್ಷ ತಳ್ಳಿದ. ಚೀಟಿ ಅಂಟಿದ ದಿನ ತನ್ನ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಅದೂ ಅಲ್ಲದೆ, ರಟ್ಟು ಹೊರುವ ಬಾಮೈದ ಯಂತ್ರದ ಮೇಲೆ ಕಣ್ಣಿಟ್ಟಿದ್ದ.

“ಭಾವ, ನಂಗೂ ಸ್ವಲ್ಪ ಹೇಳ್ಕೊಡಿ.”

“ನಿನ್ನ ತಲೆಗೆ ಅದೆಲ್ಲ ಹತ್ತಲ್ಲ ಕಣೋ. ರಟ್ಟು ಹೊರು ಹೋಗು.”

ಒಂದು ಮಧ್ಯಾಹ್ನ ರೋಲರಿನಲ್ಲಿ ಸಿಕ್ಕಿಕೊಂಡ ರಟ್ಟಿನ ತುಂಡನ್ನು ಅವನು ಯಂತ್ರ ನಿಲ್ಲಿಸದೆಯೇ ಎಳೆಯಲು ಹೋದ. ಎರಡು ವರ್ಷದಿಂದ ಹಾಗೇ ಎಳೆಯುತ್ತಿದ್ದ. ಈ ಸಲ ಬೆರಳು ಒಳಗೆ ಹೋಯಿತು, ಹಿಂದೆಯೇ ಅಂಗೈ. ಬಾಮೈದ ಓಡಿ ಬಂದು ಗುಂಡಿಗಳ ಮುಂದೆ ನಿಂತ.

“ಭಾವ, ಯಾವುದು ಒತ್ಲಿ?”

“ತೇಶಿ! ತೇಶಿ ಒತ್ತೋ!”

“ಯಾವುದು ಭಾವ ತೇಶಿ?”

ಸಿಕ್ಕಿಬಿದ್ದ ಜಾಗದಿಂದ ಗುಂಡಿಗಳು ಕಾಣುತ್ತಿರಲಿಲ್ಲ. ಎಡದಿಂದ ಎಷ್ಟನೆಯದು ಎಂದು ಅವನು ಯಾವತ್ತೂ ಎಣಿಸಿರಲಿಲ್ಲ, ಅಕ್ಷರ ಓದಿಯೇ ಅಭ್ಯಾಸ. ಬಾಮೈದ ಕೈಗೆ ಸಿಕ್ಕಿದ್ದನ್ನು ಒತ್ತಿದ. ಅದು ವೇಗ ಹೆಚ್ಚಿಸುವ ಗುಂಡಿ. ಯಾರೋ ಹೋಗಿ ಮೇನ್ ಸ್ವಿಚ್ ಎಳೆಯುವಷ್ಟರಲ್ಲಿ ಮೊಣಕೈವರೆಗೆ ಏನೂ ಉಳಿದಿರಲಿಲ್ಲ. ಪಾಪ ಎನ್ನೋಣವೆಂದರೂ ಯಾರಿಗೂ ಬಾಯಿ ಬರಲಿಲ್ಲ.

ಮೂರನೇ ದಿನ ಯಜಮಾನರು ಬಾಮೈದನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದರು, ಕೈಯಲ್ಲಿ ಗುಂಡಿಗಳ ಫೋಟೋ.

“ಯಾವುದು ಯಾವುದು ಅಂತ ಹೇಳ್ಬಿಡಪ್ಪಾ. ನಾಳೆಯಿಂದ ಯಂತ್ರಕ್ಕೆ ಇವನೇ.”

ಅವನು ಗೋಡೆಯ ಕಡೆ ಹೊರಳಿದ. ಕಾಲ ಬಳಿ ಕೂತಿದ್ದ ಹೆಂಡತಿ ಹೊದಿಕೆ ಸರಿಮಾಡುತ್ತಾ ಅಂದಳು: “ಹೇಳ್ರೀ. ನನ್ನ ತಮ್ಮನ ಕೈಯಾದ್ರೂ ಉಳೀಲಿ.”

ಹೇಳಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಬಾಮೈದ ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಂಡು, ತಲೆಯೆತ್ತಿ ಕೇಳಿದ:

“ಇಷ್ಟೇನಾ ಭಾವ?”