ನಾಗವ್ವನ ಖಾನಾವಳಿಯ ಪೈಲ್ವಾನ

ಪರೇಲ್‌ನ ಮಿಲ್ಲು ಕಾರ್ಮಿಕರ ಚಾಳೊಂದರಲ್ಲಿ ನಾಗವ್ವ ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ವಿಜಾಪುರಕ್ಕೆ ಮರಳದೆ, ಇದ್ದ ಒಂದೇ ಕೋಣೆಯಲ್ಲಿ ಒಲೆ ಹೂಡಿದವಳು. ಮಿಲ್ಲಿನ ಪಾಳಿ ಮುಗಿಸಿ ಬರುವ ಊರ ಕಡೆಯ ಗಂಡಸರಿಗೆ ಅವಳ ಜೋಳದ ರೊಟ್ಟಿಯೇ ಆಸರೆ.

ಅವರಲ್ಲಿ ಬಸವಂತಪ್ಪ ಹಗಲು ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ, ಸಂಜೆ ಗರಡಿಯಲ್ಲಿ ಕುಸ್ತಿ ಆಡುತ್ತಿದ್ದ. ರೊಟ್ಟಿಗೆ ತುಪ್ಪ, ಶೇಂಗಾ ಚಟ್ನಿ ಇದ್ದರೆ ಅವನಿಗೆ ಸಾಕು. ಪಲ್ಯ ಬಡಿಸಿದರೆ ತಾಟಿನ ಅಂಚಿಗೆ ಸರಿಸಿ, "ಸೊಪ್ಪು ತಿಂದು ಯಾರರೆ ಪೈಲ್ವಾನ ಆಗ್ಯಾರೇನವ್ವಾ?" ಎನ್ನುತ್ತಿದ್ದ.

೧೯೫೪ರ ಮಳೆಗಾಲದಲ್ಲಿ ಅವನ ಕಣ್ಣು ಹಳದಿಯಾದವು. ಊಟ ಸೇರದಾಯಿತು. ನಾಗವ್ವನೇ ಅವನನ್ನು ಡಾಕ್ಟರರ ಬಳಿ ಕರೆದೊಯ್ದಳು. ಕಾಮಾಲೆ, ಲಿವರ್ ಬಾತಿದೆ ಎಂದರು ಅವರು. ಕುಸ್ತಿ ಬಂದ್, ತುಪ್ಪ ಬಂದ್, ಕರಿದದ್ದು ಬಂದ್. ಚೆನ್ನಾಗಿ ಮಲಗಬೇಕು, ತರಕಾರಿ ತಿನ್ನಬೇಕು.

ಮರುದಿನ ಎಣ್ಣೆಯ ಸುಳಿವಿಲ್ಲದ ಹೀರೆಕಾಯಿ ಪಲ್ಯ ನೋಡಿ ಬಸವಂತಪ್ಪ ತಾಟು ದೂಡಿದ. ನಾಗವ್ವ ಬಯ್ಯಲಿಲ್ಲ. ಅದನ್ನೇ ತನಗೂ ಬಡಿಸಿಕೊಂಡು ಅವನೆದುರು ಕೂತಳು.

"ನೀ ಯಾಕ ಇದನ್ನ ಉಣ್ಣಾಕತ್ತೀಯವ್ವಾ?"

"ನೀ ಒಬ್ಬಾವನ ಉಂಡ್ರ ಔಷಧ ಆಕ್ಕೈತಿ. ಇಬ್ಬರೂ ಉಂಡ್ರ ಊಟ ಆಕ್ಕೈತಿ. ಉಣ್ಣು."

ಅವನು ತಾಟು ಹತ್ತಿರ ಎಳೆದುಕೊಂಡ.

ದಿನವೂ ಹೀಗೇ ನಡೆಯಿತು. ಒಂದು ದಿನ ಸೋರೆಕಾಯಿ, ಇನ್ನೊಂದು ದಿನ ರಾಜಗಿರಿ ಸೊಪ್ಪು. ಸ್ವಲ್ಪ ಶಕ್ತಿ ಬಂದ ಮೇಲೆ ಅವನೂ ದಾದರ್ ಮಾರ್ಕೆಟ್ಟಿಗೆ ಅವಳ ಜೊತೆ ಹೋಗತೊಡಗಿದ. ಎಳೆಯ ಕಾಯಿಗೆ ಉಗುರು ಹೇಗೆ ಇಳಿಯುತ್ತದೆಂದು ಅವಳು ತೋರಿಸುವಳು, ಅವನು ಚೀಲ ಹಿಡಿದು ನಿಲ್ಲುವನು. ಕಣ್ಣು ಮೆಲ್ಲಗೆ ತಿಳಿಯಾದವು.

ದೀಪಾವಳಿ ಕಳೆದು ಬಹಳ ದಿನವಾದ ಮೇಲೆ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕುಸ್ತಿಗೆ ಒಪ್ಪಿಗೆ ಕೊಟ್ಟರು. ಮೊದಲ ಪಂದ್ಯದಲ್ಲೇ ಬಸವಂತಪ್ಪ ಬೆನ್ನು ಮಣ್ಣಿಗೆ ಹಚ್ಚಿ ಬಂದ. ಮೈಗೆಲ್ಲ ಕೆಂಪು ಮಣ್ಣು ಮೆತ್ತಿತ್ತು.

"ಸೋತೆನವ್ವಾ."

"ಹೊಟ್ಟಿ ಹಸದೈತೇನು?"

"ಭಾಳ ಹಸದೈತಿ."

ಹಸಿವೆಯೆಂಬ ಮಾತು ಅವನ ಬಾಯಲ್ಲಿ ಕೇಳದೆ ಎಷ್ಟು ದಿನವಾಗಿತ್ತು. ನಾಗವ್ವ ಮುಖ ತಿರುಗಿಸಿ ಕಣ್ಣೊರೆಸಿಕೊಂಡು, ರೊಟ್ಟಿ ತಟ್ಟಲು ಕೂತಳು.

ಮುಂದೆ ಅವನು ಪಂದ್ಯಕ್ಕೆ ಇಳಿಯಲಿಲ್ಲ. ಊರ ಕಡೆಯ ಹುಡುಗಿ ಶರಣವ್ವನನ್ನು ಮದುವೆಯಾಗಿ ಗೋರೆಗಾಂವ್‌ನಲ್ಲಿ ಕೋಣೆ ಹಿಡಿದ. ಅದರ ಹಿಂದಿನ ಖಾಲಿ ಜಾಗದಲ್ಲಿ ಗಂಡಹೆಂಡತಿ ಮೆಂತ್ಯ, ಮೂಲಂಗಿ ಬೆಳೆದರು. ರವಿವಾರ ಲೋಕಲ್ ರೈಲು ಹಿಡಿದು ಅವನು ನಾಗವ್ವನಿಗೆ ಸೊಪ್ಪಿನ ಕಟ್ಟು ತರುತ್ತಿದ್ದ. ಚಾಳಿನ ಗ್ಯಾಲರಿಯಲ್ಲಿ ಅದನ್ನು ಬಿಡಿಸುತ್ತ ನಾಗವ್ವ ಶರಣವ್ವನ ಕ್ಷೇಮ ವಿಚಾರಿಸುತ್ತಿದ್ದಳು.